ಸಂತೆಯ ಚಾದರ, ಜ್ಯೂಲಿಯ ಜಾಕೆಟ್

ಹಳಿಯಾಳದ ಚನಬಸಪ್ಪ ಜೋಯಿಡಾ ಸಂತೆಯಲ್ಲಿ ಚಾದರ ಹರವಿಕೊಂಡು ಕೂರಲು ಶುರುಮಾಡಿ ಇಪ್ಪತ್ತು ವರ್ಷವಾಗಿದೆ. ಚಾದರವನ್ನು ಮೂಸಿ ನೋಡುವವರನ್ನು, ಎಳೆದು ನೋಡುವವರನ್ನು, ಹೊದ್ದುಕೊಂಡು ಅಲ್ಲೇ ಒಂದು ಗಳಿಗೆ ತೂಕಡಿಸಿದವರನ್ನೂ ಅವನು ಕಂಡಿದ್ದಾನೆ. ಚಾದರದ ಮುಂದೆ ಕೂತು ಒಂದು ಚೊಂಬು ನೀರು ಕೇಳಿದವಳು ಮಾತ್ರ ಮಾರ್ಗರೀಟಾ ಒಬ್ಬಳೇ.

"ಕುಡ್ಯಾಕೇನು?" ಎಂದ ಚನಬಸಪ್ಪ.

"ಕುಡ್ಯಾಕಲ್ಲ ಅಣ್ಣಾ. ಚಾದರಕ್ಕ."

"ಏ ಯಕ್ಕಾ, ನೀರು ಬಿತ್ತಂದ್ರ ಅದು ನಿಂದ ಆತು ನೋಡು. ಆಮ್ಯಾಲ ಬ್ಯಾಡ ಅಂದ್ರ ನಾ ಕೇಳೂದಿಲ್ಲ."

"ಮೂಲಿ ಅಷ್ಟ ತೋಯಿಸ್ತೇನಿ. ನಿನ್ನ ಚಾದರ ಏನ್ ಉಪ್ಪಿನ್ದೇನು, ಕರಗಾಕ?"

ಅಕ್ಕಪಕ್ಕದ ಅಂಗಡಿಯವರು ನಕ್ಕರು. ಚನಬಸಪ್ಪ ಮುಖ ಗಂಟುಹಾಕಿಕೊಂಡೇ ಚೊಂಬು ಮುಂದೆ ಸರಿಸಿದ.

ಮಾರ್ಗರೀಟಾ ಕುಂಬಾರವಾಡದ ಆಚೆಯ ಒಂದು ಸಿದ್ದಿ ಕೇರಿಯವಳು. ಐವತ್ತು ದಾಟಿದ ಹೆಂಗಸು. ಗದ್ದೆ ಕೆಲಸ ಮುಗಿದ ತಿಂಗಳುಗಳಲ್ಲಿ ಹಳೆ ಸೀರೆ, ಹಳೆ ಅಂಗಿಗಳನ್ನು ಒಂದರ ಮೇಲೊಂದಿಟ್ಟು ಕೌದಿ ಹೊಲಿಯುತ್ತಾಳೆ. ಅವಳ ಕೌದಿಯಲ್ಲಿ ಬೆರಳು ಇಡಲು ಹೊಲಿಗೆಯಿಲ್ಲದ ಜಾಗ ಸಿಗುವುದಿಲ್ಲ. ಅಂಚಿನಿಂದ ಹೊರಟ ದಾರ ಸುತ್ತುತ್ತ ಸುತ್ತುತ್ತ ನಡುಮಧ್ಯಕ್ಕೆ ಬಂದು ನಿಲ್ಲುತ್ತದೆ; ನಡುವಿನ ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟೇ ಉದ್ದ. ಕೇರಿಯಲ್ಲಿ ಯಾವ ಬಾಣಂತಿಗೆ ಕೌದಿ ಬೇಕಾದರೂ ಮೊದಲು ಇವಳ ಬಾಗಿಲಿಗೆ ಬರುತ್ತಾರೆ.

ಅಂಥವಳು ಸಂತೆಯಲ್ಲಿ ಕೊಳ್ಳುವ ಚಾದರದ ಮುಂದೆ ಕೂತದ್ದು ಮಗಳಿಗಾಗಿ.

ಜ್ಯೂಲಿ ದಾಂಡೇಲಿಯಲ್ಲಿ ಬಿ.ಎ. ಮುಗಿಸಿ ಮನೆಗೆ ಬಂದಿದ್ದಳು. ಎರಡು ಮೈಲಿ ದೂರದಲ್ಲಿ, ಕಾಡಿನ ಅಂಚಿಗೆ, ಮಹಾಬಳೇಶ್ವರ ಎಂಬವನು ಹಕ್ಕಿ ನೋಡಲು ಬರುವವರಿಗೆಂದು ವಸತಿಮನೆ ನಡೆಸುತ್ತಾನೆ. ಎಲೆ ಅಲುಗಿದರೆ ಯಾವ ಹಕ್ಕಿ ಎಂದು ಹೇಳುವ ಹುಡುಗಿ ಸಿಕ್ಕಳೆಂದು ಅವನು ಜ್ಯೂಲಿಯನ್ನು ಕೆಲವು ದಿನ ನೋಡೋಣವೆಂದು ಗೈಡ್ ಕೆಲಸಕ್ಕೆ ಇಟ್ಟುಕೊಂಡ. ಅಲ್ಲಿ ಆ ಕೆಲಸಕ್ಕೆ ಹೆಣ್ಣುಮಗಳೊಬ್ಬಳು ನಿಂತದ್ದು ಅದೇ ಮೊದಲು. ತೊಡಕಾದದ್ದು ಡಿಸೆಂಬರಿನ ಚಳಿಯಿಂದ. ಬೆಳಗಿನ ಐದೂವರೆಗೆ ಮಂಜಿನಲ್ಲಿ ಎರಡು ತಾಸು ಅಲುಗಾಡದೆ ನಿಲ್ಲಬೇಕು, ಮೂರು ಕಾಲಿನ ದುರ್ಬೀನನ್ನು ಹಕ್ಕಿಯ ಮೇಲೆ ಕೂರಿಸಿ ಬಂದವರಿಗೆ ತೋರಿಸಬೇಕು. ಜ್ಯೂಲಿಯ ಕೈ ನಡುಗುತ್ತಿತ್ತು. ಕೈ ನಡುಗಿದರೆ ದುರ್ಬೀನು ನಡುಗುತ್ತದೆ. ದುರ್ಬೀನು ನಡುಗಿದರೆ ಹಕ್ಕಿಯ ಬದಲು ಬರೀ ಮಂಜು ಕಾಣುತ್ತದೆ.

ಅವಳು ಉಪಾಯ ಮಾಡದೆ ಇರಲಿಲ್ಲ. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಿಂದ ಗೆಳತಿ ಸಹನಾ ತಂದುಕೊಟ್ಟ ಸ್ವೆಟರ್ ಹಾಕಿಕೊಂಡು ಹೋದಳು. ಅದು ಮಂಜನ್ನೆಲ್ಲ ಕುಡಿದು ಮೊಣಕಾಲಿಗೆ ಇಳಿಯಿತು. ದಾಂಡೇಲಿಯ ಪೇಟೆಯಿಂದ ಹೊಳೆಯುವ ಗಾಳಿಕೋಟು ತಂದಳು. ಕೈ ಎತ್ತಿದಾಗಲೆಲ್ಲ ಅದು ಚರ್ ಚರ್ ಎಂದು, ಕೊಂಬೆಯ ಮೇಲಿದ್ದ ಮಂಗಟ್ಟೆ ಹಕ್ಕಿಗಳು ಎದ್ದು ಹೋದವು.

ಮಂಗಳವಾರ ಮಹಾಬಳೇಶ್ವರ ಮಾರ್ಗರೀಟಾಳನ್ನೇ ಕರೆಸಿದ. "ಮಾರ್ಗರೀಟಾಬಾಯಿ, ನಿಮ್ಮ ಹುಡುಗಿ ಕಣ್ಣು, ಕಿವಿ ಬಂಗಾರ ಅದಾವ್ರಿ. ಕೈ ಒಂದ ನಿಲ್ಲವಲ್ತು. ರವಿವಾರ ಪುಣೆಯಿಂದ ದೊಡ್ಡ ಗುಂಪು ಬರ್ತದ. ಅಷ್ಟರಾಗ ಆಕಿಗೊಂದು ಫ್ಲೀಸ್ ಜಾಕೆಟ್, ಮಂಜು ಕುಡೀಲಾರದಂಥಾದ್ದು, ಆಗಬೇಕು. ಇಲ್ಲಂದ್ರ ನಾ ಬ್ಯಾರೆಯವರನ್ನ ನೋಡಬೇಕಾಗ್ತದ."

"ಅದೆಷ್ಟಕ್ಕ ಬರ್ತೈತ್ರಿ?"

"ನಂದು ಹೆಸರಾದ ಕಂಪನೀದು. ಆರು ಸಾವಿರ."

ಮಾರ್ಗರೀಟಾ ಕೈಮುಗಿದು ಎದ್ದಳು. ಹೊರಗೆ ಬರುವಾಗ ತಂತಿಯ ಮೇಲೆ ಒಣಹಾಕಿದ್ದ ಆ ಜಾಕೆಟ್ ಕಂಡಿತು. ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದಳು. ಮೂವತ್ತು ವರ್ಷ ಬಟ್ಟೆ ಮುಟ್ಟಿದ ಬೆರಳುಗಳು. ಒಳಗೂ ಹೊರಗೂ ಒಂದೇ ಥರದ ಸಣ್ಣ ಜುಂಗು, ನೂಲಿನ ಅಡ್ಡ ಉದ್ದ ಎಲ್ಲೂ ಸಿಗದು, ಹಿಡಿದರೆ ಭಾರವೇ ಇಲ್ಲ. ಇದನ್ನು ಎಲ್ಲೋ ಮುಟ್ಟಿದ್ದೇನೆ ಎನ್ನಿಸಿತು. ಗದ್ದೆಯ ಬದುವಿನ ಮೇಲೆ ನಡೆಯುವಾಗ ಹೊಳೆಯಿತು: ಸಂತೆಯ ಚಾದರ.

ಹಾಗಾಗಿ ಬುಧವಾರ ಚನಬಸಪ್ಪನ ಚೊಂಬು. ಮೊದಲ ಎರಡು ಚಾದರಗಳ ಮೂಲೆ ನೀರು ಹೀರಿ ಭಾರವಾಯಿತು. ಮೂರನೆಯದನ್ನು ಹಿಂಡಿ ಒಮ್ಮೆ ಝಾಡಿಸಿದಳು. ನೀರು ಹಾರಿ ಚನಬಸಪ್ಪನ ಕನ್ನಡಕದ ಮೇಲೆ ಬಿತ್ತು, ಚಾದರದ ಮೂಲೆ ಆಗಲೇ ಒಣಗಿದಂತಿತ್ತು.

"ಇದ ಬೇಕು. ಕಡು ಹಸರು ಇದ್ರ ಕೊಡು, ಹೂವು ಬ್ಯಾಡ."

"ಹೂವಿಲ್ದ ಚಾದರ ಯಾರು ಒಯ್ತಾರ ಯಕ್ಕಾ? ಹಸರಿದ್ದದ್ದು ಇದೊಂದ. ನಡುವ ಗುಲಾಬಿ ಐತಿ."

ನಡುವೆ ತಟ್ಟೆಯಗಲದ ಕೆಂಪು ಗುಲಾಬಿ. ಕೆಂಪು ಕಂಡರೆ ಹಕ್ಕಿ ನಿಲ್ಲುವುದಿಲ್ಲ. ಮಾರ್ಗರೀಟಾ ಗೇಣು ಹಾಕಿ ಅಳೆದಳು. ಗುಲಾಬಿಯ ಸುತ್ತಲಿನ ಹಸಿರು ಸಾಕಾಗುತ್ತಿತ್ತು. ಮೂರೂವರೆ ನೂರಕ್ಕೆ ಮಾತು ಮುಗಿಯಿತು. ಒದ್ದೆಯಾದ ಇನ್ನೆರಡು ಚಾದರಗಳ ಬಗ್ಗೆ ಚನಬಸಪ್ಪ ಬಸ್ಸು ಬರುವ ತನಕ ಗೊಣಗುತ್ತಲೇ ಇದ್ದ.

ಮನೆಯಲ್ಲಿ ಕತ್ತರಿ ಹಾಕಿದಾಗ ಅವಳಿಗೆ ಬೆರಗೋ ಬೆರಗು. ಕತ್ತರಿಸಿದ ಅಂಚಿನಿಂದ ಒಂದು ಎಳೆಯೂ ಬಿಚ್ಚಲಿಲ್ಲ. "ಮಡಚಿ ಹೊಲಿಯೂದ ಬ್ಯಾಡ ನೋಡು ಈ ಬಟ್ಟಿಗೆ," ಎಂದು ಗಂಡ ಮೈಕಲನಿಗೆ ತೋರಿಸಿದಳು. ಅವನಿಗೆ ಗುಲಾಬಿಯ ತುಂಡು ಸಿಕ್ಕಿತು. ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಎರಡು ಸುತ್ತು ತಿರುಗಿ ಬಂದ.

ಆದರೆ ಹೊಲಿಗೆ ಬೇಡವೆಂದವಳೇ ಹೊಲಿಯಲು ಕೂತಳು. ಎಷ್ಟು ಪದರ, ಎಷ್ಟು ಹೊಲಿಗೆಯೋ ಅಷ್ಟು ಬೆಚ್ಚಗೆ ಎಂಬುದು ಅವಳ ಕೈ ಕಲಿತ ಪಾಠ. ಒಳಗೆ ತನ್ನ ಹಳೆ ಹತ್ತಿ ಸೀರೆಯ ಎರಡು ಪದರ ಇಟ್ಟಳು. ಬುಧವಾರ ಸಂಜೆ, ಗುರುವಾರ ಇಡೀ ದಿನ ಅಂಚಿನಿಂದ ನಡುವಿನವರೆಗೆ ಹೊಲಿದಳು. ಬೆನ್ನು, ತೋಳು, ಎದೆ, ಎಲ್ಲೆಡೆ ಅಕ್ಕಿಕಾಳು ಹೊಲಿಗೆ. ಮುಗಿದಾಗ ಅದು ನೋಡಲು ಎಷ್ಟು ಚಂದವಾಗಿತ್ತೆಂದರೆ, ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಮುಟ್ಟಿ ಹೋದರು.

ಮಗಳಿಗೆ ಕೊಡುವ ಮೊದಲು ತಾನೇ ನೋಡಬೇಕೆಂದು ಶುಕ್ರವಾರ ನಸುಕಿಗೆ ಅದನ್ನು ತೊಟ್ಟು ಹಳ್ಳದ ದಂಡೆಯ ಬಂಡೆಯ ಮೇಲೆ ಕೂತಳು. ನೀರಿನಿಂದ ಮಂಜು ಏಳುತ್ತಿತ್ತು. ಅರ್ಧ ತಾಸು ಪರವಾಗಿಲ್ಲ ಎನ್ನಿಸಿತು. ಆಮೇಲೆ ಹೊಲಿಗೆ ಹೊಲಿಗೆಯಿಂದಲೂ ತಂಪು ಇಳಿಯತೊಡಗಿತು. ಒಳಗಿನ ಹತ್ತಿ ಒದ್ದೆಯಾಗಿ ಬೆನ್ನಿಗೆ ಅಂಟಿತು. ತಾಸಾಗುವ ಹೊತ್ತಿಗೆ ಹಲ್ಲು ಕಟಕಟ ಎನ್ನುತ್ತಿತ್ತು.

ಒಲೆಯ ಮುಂದೆ ಕೂತವಳ ತೋಳನ್ನು ಜ್ಯೂಲಿ ಹಿಡಿದು ನೋಡಿದಳು. "ಆಯಿ, ಈ ಜುಂಗು ಉಬ್ಬಿದ್ರನ ಒಳಗ ಬೆಚ್ಚನ ಗಾಳಿ ನಿಲ್ಲೂದು. ನೀ ಹೊಲ್ದು ಹೊಲ್ದು ಹಪ್ಪಳ ಮಾಡೀದಿ."

"ಹೊಲಿಲಾರದ ಹೆಂಗ ಬಿಡ್ಲಿ ಪೋರಿ? ಮಾರ್ಗರೀಟಾ ಗೋಣಿಚೀಲ ಹೊಲ್ದಾಳಂತಾರ ಮಂದಿ."

"ಅನ್ಲಿ ಬಿಡು. ಹಕ್ಕಿ ಅನ್ನಂಗಿಲ್ಲಲ್ಲ?"

ಮೈಕಲ್ ಗುಲಾಬಿಯ ಒಳಗಿನಿಂದ ನಕ್ಕ. ಮಾರ್ಗರೀಟಾ ನಗಲಿಲ್ಲ. ತನ್ನ ಹೊಲಿಗೆಯೇ ಮಗಳಿಗೆ ಚಳಿ ತರುತ್ತದೆ ಎಂಬ ಮಾತನ್ನು ಗಂಟಲಿನಿಂದ ಇಳಿಸಿಕೊಳ್ಳಲು ಅವಳಿಗೆ ಚಾ ಮುಗಿಯುವಷ್ಟು ಹೊತ್ತು ಬೇಕಾಯಿತು. ಆಮೇಲೆ ಬ್ಲೇಡು ತಂದಳು.

ಬಿಚ್ಚಲು ಒಂದು ಹಗಲು ಹಿಡಿಯಿತು. ದಾರದ ತುಂಡುಗಳು ಮಡಿಲಲ್ಲಿ ಗುಡ್ಡೆಯಾದವು. ಬೆರಳಿನಿಂದ ಕೆದರಿದರೆ ಒತ್ತಿಹೋಗಿದ್ದ ಜುಂಗು ಮೆಲ್ಲಗೆ ಎದ್ದು ನಿಂತಿತು. ಶನಿವಾರ ಹತ್ತಿಯ ಪದರ ಬಿಟ್ಟು ಬರೀ ಚಾದರ ಹಿಡಿದು ಕೂತಳು. ಎರಡು ಪಕ್ಕ, ಎರಡು ಭುಜ, ಎರಡು ತೋಳು, ಕೊರಳಪಟ್ಟಿ. ಅಷ್ಟೇ. ಗಾಳಿಗೆ ಎದುರಾಗುವ ಎದೆಗೆ ಮಾತ್ರ ಅದೇ ಚಾದರದ ಇನ್ನೊಂದು ಪದರ, ಅಂಚಿಗಷ್ಟೇ ಹೊಲಿಗೆ. ಜ್ಯೂಲಿಯ ಹಳೆ ಕಾಲೇಜು ಚೀಲದ ಜಿಪ್ಪು ಮುಂದೆ ಬಂತು. ಸೂಜಿ ಹಿಡಿದ ಕೈ ಅಭ್ಯಾಸಬಲದಿಂದ ಬೆನ್ನಿನ ಕಡೆಗೆ ಮೂರು ಸಲ ಹೋಯಿತು, ಮೂರು ಸಲವೂ ಅವಳು ಹಿಂದಕ್ಕೆ ಎಳೆದುಕೊಂಡಳು.

ಸಂಜೆ ಜ್ಯೂಲಿಯೇ ಕೇಳಿದಳು: "ಫುಲಾ ಹಾಕೂದಿಲ್ಲೇನು ಆಯಿ?"

ಕೌದಿಯ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವಿನಂತೆ ಹೊಲಿಯುವ ಫುಲಾ ಇಲ್ಲದಿದ್ದರೆ ಕೌದಿ ಬತ್ತಲೆಯೆಂದೇ ಲೆಕ್ಕ. ಹಾಗೆ ಅದನ್ನು ಯಾರ ಕೈಗೂ ಕೊಡುವುದಿಲ್ಲ.

"ಮಹಾಬಳೇಶ್ವರರು ಏನಂತಾರೋ."

"ಒಳಗಡಿ ಹಾಕು. ಅವರು ನನ್ನ ಜಾಕೆಟ್ ತಿರುವಿ ನೋಡ್ತಾರೇನು?"

ಮಾರ್ಗರೀಟಾ ಅಂಚಿನ ಒಳಮೂಲೆಗೆ ಎರಡು, ಕೊರಳಪಟ್ಟಿಯ ಹಿಂದೆ ಎರಡು, ಹಸಿರು ಫುಲಾ ಕೂರಿಸಿದಳು. ಆ ನಾಲ್ಕರಲ್ಲಿ ಮಾತ್ರ ಬೇಕಾದಷ್ಟು ಹೊಲಿಗೆ ಹಾಕಿದಳು.

ರವಿವಾರ ಜ್ಯೂಲಿ ನಾಲ್ಕೂವರೆಗೇ ಟಾರ್ಚ್ ಹಿಡಿದು ಹೊರಟಳು. ಮಾರ್ಗರೀಟಾ ಪ್ರಾರ್ಥನೆಗೆ ಹೋಗಿ ಬಂದಳು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ದಾರಿಯ ತಿರುವಿನಲ್ಲಿ ಹಸಿರು ಕಂಡಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ಮಗಳು ಓಡುತ್ತಿರಲಿಲ್ಲ, ಆದರೆ ಕಾಲು ನೆಲಕ್ಕೆ ಸರಿಯಾಗಿ ಊರುತ್ತಲೂ ಇರಲಿಲ್ಲ.

"ಒಬ್ಬ ಅಜ್ಜಾರು ಬಂದಿದ್ರು ಆಯಿ, ಎಂಬತ್ತು ವರ್ಷದವರು. ಕಾಕರಣೆ ಹಕ್ಕಿ ನೋಡಾಕ ಮೂರು ವರ್ಷದಿಂದ ಬರಾಕತ್ತಾರಂತ. ಒಮ್ಮೀನೂ ಕಂಡಿಲ್ಲ. ಇವತ್ತ ಬಿದಿರಿನ ಹಿಂದ ಕೂತಿತ್ತು. ನಾ ದುರ್ಬೀನು ಕೂರ್ಸಿ, ನೋಡ್ರಿ ಅಂದೆ. ಎಷ್ಟೊತ್ತು ನೋಡಿದ್ರು ಗೊತ್ತೇನು? ಆಮ್ಯಾಲ ಕನ್ನಡಕ ತಗದು ಒರಸಿಕೊಂಡ್ರು."

"ಹಕ್ಕಿ ಸುದ್ದಿ ಇರ್ಲಿ. ಕೈ ಹೆಂಗಿತ್ತು?"

"ಕಲ್ಲಿನಂಗ ಇತ್ತು. ಬುಧವಾರದಿಂದ ದಿನಾ ಬಾ ಅಂದಾರ ಮಹಾಬಳೇಶ್ವರರು. ಕೆಲಸ ಪಕ್ಕಾ."

ಮಾರ್ಗರೀಟಾ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. ಆಮೇಲೆ ಜಾಕೆಟ್ಟನ್ನು ಸರಿಯಾಗಿ ನೋಡಿ, "ಅಯ್ಯ, ಇದೇನ ಪೋರಿ!" ಎಂದಳು. ತೋಳು, ಬೆನ್ನು, ಎದೆ, ತುಂಬ ಹುಲ್ಲಿನ ಮುಳ್ಳು ಅಂಟಿಕೊಂಡು ಜಾಕೆಟ್ ಮುಳ್ಳುಹಂದಿಯಂತಾಗಿತ್ತು.

"ಅವರ ಆರು ಸಾವಿರದ್ದೂ ಹಿಂಗ ಆಗೇತಿ ಆಯಿ. ಪುಣೆಯವರೆಲ್ಲಾ ಕಟ್ಟಿ ಮ್ಯಾಲ ಸಾಲಾಗಿ ಕೂತು ಮುಳ್ಳು ಕೀಳಾಕತ್ತಾರ. ನಂದು ಸಂತಿ ಚಾದರದ್ದು ಅಂತ ಒಬ್ರಿಗೂ ಗೊತ್ತಾಗ್ಲಿಲ್ಲ."

ಜ್ಯೂಲಿ ಗಂಜಿ ಕುಡಿದು, ಗೋಡೆಗೆ ಮುಖ ಮಾಡಿ ಮಲಗಿದ ಗಳಿಗೆಯಲ್ಲೇ ನಿದ್ದೆ ಹೋದಳು. ಬುಧವಾರಕ್ಕೆ ಇನ್ನೂ ಮೂರು ದಿನವಿತ್ತು. ಆದರೂ ಮಾರ್ಗರೀಟಾ ಬಿಸಿಲು ಬೀಳುವ ಕಡೆ ಚಾಪೆ ಹಾಕಿಕೊಂಡು, ಜಾಕೆಟ್ಟನ್ನು ಮಡಿಲಲ್ಲಿ ಹರವಿ, ಒಂದು ಮುಳ್ಳು ಕಿತ್ತಳು. ಅದರ ಪಕ್ಕದ್ದನ್ನು ಕಿತ್ತಳು. ಅಂಚಿನಿಂದ ಶುರುಮಾಡಿ, ಸುತ್ತುತ್ತ, ನಡುವಿನ ಕಡೆಗೆ.