ಪಾಯಿಂಟ್ ಆದಮೇಲೆ ಒಂದೇ ಅಂಕಿ

ಬೀದಿಯಲ್ಲಿ ಎಲ್ಲರೂ ಅವರನ್ನು ಲೆಕ್ಕದ ಟೀಚರ್ ಅಂತಲೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತರಾದ ಮೇಲೆ, ಸುಮ್ಮನೆ ಕೂರಲಾರದೆ, ಮನೆ ಹಿಂದಿನ ಶೆಡ್ಡಿನಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಯಂತ್ರ ಇಟ್ಟುಕೊಂಡರು. ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಫ್ಯಾನು, ಹೀಟರು, ಟ್ರೇಗಳಲ್ಲಿ ಮುನ್ನೂರು ಮೊಟ್ಟೆ. ಶಾಖ ಮೂವತ್ತೇಳೂವರೆ ಡಿಗ್ರಿಯಲ್ಲಿ ನಿಂತರೆ ಇಪ್ಪತ್ತೊಂದನೆಯ ದಿನ ಮರಿಗಳು ಹೊರಬರಬೇಕು. ಆದರೆ ಟೀಚರ ಶೆಡ್ಡಿನಲ್ಲಿ ಮರಿಗಳ ಸಂಖ್ಯೆ ಇನ್ನೂರ ಮೂವತ್ತು ದಾಟಿದ್ದೇ ಇಲ್ಲ.

"ಈ ಹಳೇ ಥರ್ಮಾಮೀಟರು ಸುಳ್ಳು ಹೇಳ್ತಿದೆ" ಅಂತ ತೀರ್ಮಾನಿಸಿ, ಪ್ರಯೋಗಾಲಯದವರು ಬಳಸುವಂಥ ಡಿಜಿಟಲ್ ಥರ್ಮಾಮೀಟರ್ ತರಿಸಿದರು. ಊಟದ ಡಬ್ಬಿಯಷ್ಟಿತ್ತು. ಅದರ ವೈರಿನ ತುದಿಯ ಉಕ್ಕಿನ ಕಡ್ಡಿಯನ್ನು ಯಂತ್ರದೊಳಗೆ ಇಳಿಬಿಟ್ಟರೆ ಹೊರಗೆ ಪರದೆಯ ಮೇಲೆ ಅಂಕಿ ಮೂಡುತ್ತಿತ್ತು: 37.512. ರೆಪ್ಪೆ ಬಡಿಯುವಷ್ಟರಲ್ಲಿ 37.498. ಮತ್ತೆ 37.507.

ಅಲ್ಲಿಗೆ ಟೀಚರ ನೆಮ್ಮದಿ ಹಾರಿಹೋಯಿತು. ಅಂಕಿ ಇಳಿದರೆ ಹೀಟರಿನ ತಿರುಪು ಬಲಕ್ಕೆ, ಏರಿದರೆ ಎಡಕ್ಕೆ. ಎರಡು ದಿನದಲ್ಲಿ ಶಾಖ ನಿಜವಾಗಿಯೇ ಅಡ್ಡಾದಿಡ್ಡಿಯಾಯಿತು. ಊಟದ ತಟ್ಟೆಯೂ ಶೆಡ್ಡಿಗೇ ಹೋಯಿತು.

"ಮದುವೆಯಾದ ಹೊಸತರಲ್ಲೂ ನನ್ನ ಮುಖಾನ ಇಷ್ಟು ಹೊತ್ತು ನೋಡಿರಲಿಲ್ಲ ನೀನು" ಅಂದರು ಗಂಡ.

ಸೊಸೆ ಆಸ್ಪತ್ರೆಯಲ್ಲಿ ನರ್ಸು. ಮೂರನೆಯ ದಿನ ಕೆಲಸ ಮುಗಿಸಿ ಬಂದವಳೇ ಶೆಡ್ಡಿಗೆ ಹೋಗಿ, ಅತ್ತೆಯ ಕೈಯನ್ನು ಮೆಲ್ಲಗೆ ತಿರುಪಿನಿಂದ ಬಿಡಿಸಿದಳು.

"ಅತ್ತೆ, ಡಿಗ್ರೀಲಿ ಸಾವಿರದಲ್ಲೊಂದು ಭಾಗ ಮೊಟ್ಟೆಗೆ ಗೊತ್ತಾಗಲ್ಲ. ಗೊತ್ತಾಗ್ತಿರೋದು ನಿಮಗೆ ಮಾತ್ರ."

"ಕಣ್ಮುಂದೆ ತೋರಿಸ್ತಿದೆಯಲ್ಲ, ಹೇಗೆ ಬಿಡೋದು?"

"ಹಾಗಾದ್ರೆ ತೋರಿಸೋ ರೀತೀನೇ ಬದಲಾಯಿಸೋಣ."

ಇಬ್ಬರೂ ಸ್ಟೂಲು ಎಳೆದುಕೊಂಡು, ಥರ್ಮಾಮೀಟರಿನ ಜೊತೆಗೆ ಬಂದಿದ್ದ ಪುಸ್ತಕ ಬಿಚ್ಚಿ ಕೂತರು. ಸೊಸೆ ಒತ್ತಿದ ಮೊದಲ ಗುಂಡಿಯೇ ತಪ್ಪಾಗಿ ಪರದೆಯ ಮೇಲೆ 99.500 ಅಂತ ಬಂತು.

"ಬೆಂದೇ ಹೋದ್ವಲ್ಲೇ" ಅಂದರು ಟೀಚರ್.

"ಇಲ್ಲ ಅತ್ತೆ, ಫ್ಯಾರನ್‌ಹೀಟಿಗೆ ಹೋಗಿದೆ ಅಷ್ಟೇ."

ಟೀಚರ್ ಮನಸ್ಸಿನಲ್ಲೇ ಗುಣಿಸಿ, ಭಾಗಿಸಿ, ಕೂಡಿಸಿ ನೋಡಿ, ಲೆಕ್ಕ ತಾಳೆಯಾದ ಮೇಲೇ ಉಸಿರುಬಿಟ್ಟರು. ಆಮೇಲೆ ಒಂದೊಂದೇ ಸರಿಹೋಯಿತು. ಪಾಯಿಂಟ್ ಆದಮೇಲೆ ಮೂರರ ಬದಲು ಒಂದೇ ಅಂಕಿ. ಕ್ಷಣಕ್ಷಣದ ಶಾಖದ ಬದಲು ಹತ್ತು ಸೆಕೆಂಡಿನ ಸರಾಸರಿ. ಕೆಳಗಿನ ಸಾಲಿನಲ್ಲಿ ದಿನದ ಅತಿ ಹೆಚ್ಚು, ಅತಿ ಕಡಿಮೆ ಶಾಖ, ಪಕ್ಕದಲ್ಲಿ ಅದು ಬಂದ ಹೊತ್ತು. ಮೇಲಿನ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ 37.5 ಅಲುಗಾಡದೆ ನಿಂತಿತು. ಅವತ್ತು ಟೀಚರ್ ಮನೆಯೊಳಗೆ ಕೂತು ಊಟ ಮಾಡಿದರು.

ಮಾರನೆಯ ಸಂಜೆ ಸೊಸೆ ಕೆಳಗಿನ ಸಾಲು ನೋಡಿದಳು. ಅತಿ ಕಡಿಮೆ 35.9, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ. ಅದರ ಮಾರನೆಯ ದಿನ 36.1, ಅದೂ ಎರಡು ಗಂಟೆ ಆಸುಪಾಸು.

"ಮಾವ, ಮಧ್ಯಾಹ್ನ ಎರಡಕ್ಕೆ ಯಂತ್ರದ ಬಾಗಿಲು ತೆಗೀತಿದೀರಾ?"

"ಆ ಹೊತ್ತಿಗೆ ನಾನು ಗೊರಕೆ ಹೊಡೀತಿರ್ತೀನಮ್ಮ. ಬೇಕಾದ್ರೆ ಪಕ್ಕದ ಮನೆಯವರನ್ನ ಕೇಳು."

ಟೀಚರ್ ಸೆರಗಿನ ಅಂಚು ಸರಿಮಾಡಿಕೊಂಡರು. "ನಾನೇ ಕಣೇ. ಊಟ ಆದಮೇಲೆ ಒಂದ್ಸಲ ಬಾಗಿಲು ತೆಗೆದು, ಎಲ್ಲ ಟ್ರೇ ಎಳೆದು ನೋಡ್ತೀನಿ. ಮೊಟ್ಟೆ ತಾನೇ, ನೋಡೋಕೆ ಏನಿರುತ್ತೆ ಹೇಳು. ಆದ್ರೂ ನೋಡದೆ ಇರೋಕಾಗಲ್ಲ."

"ಎಷ್ಟು ಹೊತ್ತು?"

"ಕಾಲು ಗಂಟೆ. ಮೂರು ವರ್ಷದಿಂದ."

ಮೊದಲು ಗಂಡ ನಕ್ಕರು, ಆಮೇಲೆ ಸೊಸೆ, ಕೊನೆಗೆ ಟೀಚರೂ. ಆವತ್ತೇ ಯಂತ್ರದ ಬಾಗಿಲಿನ ಪುಟ್ಟ ಗಾಜನ್ನು ಸೋಪು ಹಾಕಿ ಉಜ್ಜಿದರು. ಮಧ್ಯಾಹ್ನ ಅದರ ಎದುರು ಸ್ಟೂಲು ಹಾಕಿಕೊಂಡು ಹೊರಗಿಂದಲೇ ನೋಡುವುದನ್ನು ರೂಢಿ ಮಾಡಿಕೊಂಡರು. ಮೊದಲ ವಾರ ಕೈ ಚಡಪಡಿಸುತ್ತಿತ್ತು. ಅದಕ್ಕೆ ಸ್ವೆಟರು ಹೆಣೆಯುವ ಕೆಲಸ ಕೊಟ್ಟರು.

ಆ ಸಲ ಇನ್ನೂರ ನಲವತ್ತೆಂಟು ಮರಿ ಬಂದವು. ಮುಂದಿನ ಸಲ ಇನ್ನೂರ ಎಪ್ಪತ್ತೊಂದು. ರಟ್ಟಿನ ಪೆಟ್ಟಿಗೆಗಳು ಸಾಲದೆ ಗಂಡನ ಹಳೆಯ ಸೂಟ್‌ಕೇಸಿನ ಮುಚ್ಚಳ ತೆಗೆದು, ಕಾಗದ ಹಾಸಿ, ಅದರಲ್ಲೂ ಮರಿ ಬಿಟ್ಟರು. ಶೆಡ್ಡಿನಲ್ಲಿ ಚಿಂವ್‌ಚಿಂವ್ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ.

ಸುದ್ದಿ ತಿಳಿದು ಇನ್ನೊಂದು ಬೀದಿಯ ಕೋಳಿ ಸಾಕುವವನೊಬ್ಬ ಅಂಥದ್ದೇ ಥರ್ಮಾಮೀಟರ್ ಕೊಂಡು, ಚೀಲದಲ್ಲಿ ಹಾಕಿಕೊಂಡು ಬಂದ. "ಇದನ್ನೊಂಚೂರು ಸೆಟ್ ಮಾಡಿಕೊಡಿ ಟೀಚರ್."

"ಗುಂಡಿ ನೀನೇ ಒತ್ತು, ನಾನು ಹೇಳ್ತೀನಿ" ಅಂತ ಟೀಚರ್ ಅವನಿಗೆ ಸ್ಟೂಲು ಕೊಟ್ಟರು. ಸೊಸೆ ಮೂವರಿಗೂ ಟೀ ತಂದಳು. ಅವನ ಟೀ ಆರಿಹೋಯಿತು, ಆದರೆ ನಾಲ್ಕನೆಯ ಸಲಕ್ಕೆ ಅಂಕಿ ಸರಿಯಾಗಿ ಬಂತು.