ಕಪ್ಪು ಪರದೆಯ ಅಕ್ಕ

ಮೊನ್ನೆ ಸ್ಟೋರ್‌ರೂಮ್ ಗುಡಿಸುವಾಗ ಹಳೆಯ ಕೀಬೋರ್ಡೊಂದು ಸಿಕ್ಕಿತು. ಅದರ ಎಸ್ಕೇಪ್ ಕೀಲಿಯ ಮೇಲೆ ಹಣೆಗಿಡುವ ಸ್ಟಿಕರ್‌ನ ಅಂಟು ಇನ್ನೂ ಇತ್ತು. ಅಂಟಿಸಿದ್ದು ಅಕ್ಕ... ಕಣ್ಣು ಮಂಜಾಗತೊಡಗಿದ ಮೇಲೆ, ಬೆರಳಿಗೆ ಗುರುತಿರಲಿ ಎಂದು.

ಅಕ್ಕನ ಊರು ನಾಗಲಮಡಿಕೆ. ಮಧುಗಿರಿಯಿಂದ ಬಂದು ಹೊಸದಾಗಿ ಸೇರಿದ ನನಗೆ ಕೆಲಸ ಕಲಿಸಿದವರು. ಬಲಸಮುದ್ರದ ಕಡೆಯ ಸೋಲಾರ್ ಫಲಕಗಳ ಸಾಲುಗಳನ್ನು ಪಾವಗಡದ ಕಚೇರಿಯಲ್ಲಿ ಕೂತೇ ಒಂದು ಕಪ್ಪು ಪರದೆಯಲ್ಲಿ ನೋಡಿಕೊಳ್ಳುತ್ತಿದ್ದೆವು. ಮೌಸ್ ಇಲ್ಲ. ಜೆ ಒತ್ತಿದರೆ ಕೆಳಗಿನ ಸಾಲು, ಕೆ ಒತ್ತಿದರೆ ಮೇಲಿನದು. ಐ ಒತ್ತಿದರೆ ಮಾತ್ರ ಆ ಸಾಲಿನ ಸೆಟ್ಟಿಂಗ್ ಬದಲಾಯಿಸುವ ಮೋಡ್. ಆಗ ಅದೇ ಕೀಲಿಗಳು ಓಡಾಡುವುದನ್ನು ಬಿಟ್ಟು ಬರೆಯತೊಡಗುತ್ತವೆ. ಎಸ್ಕೇಪ್ ಒತ್ತಿದರೆ ಮತ್ತೆ ನೋಡುವ ಮೋಡ್. ಯಾವುದರಲ್ಲಿದ್ದೇವೆ ಎಂದು ಹೇಳುತ್ತಿದ್ದುದು ಪರದೆಯ ಕೆಳತುದಿಯ ಒಂದು ಸಣ್ಣ ಪದ, ಅಷ್ಟೆ.

ಬಣ್ಣಬಣ್ಣದ ಚಿತ್ರಗಳ ಹೊಸ ಪರದೆ ಬಂತು. ಅದರಲ್ಲಿ ಓಡಾಡುವ ಮೌಸ್‌ನ ಬಾಣದ ಗುರುತು ಅಕ್ಕನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಒಂದು ಕುರ್ಚಿಗಾದರೂ ಹಳೆಯದನ್ನು ಬಿಡಿ ಎಂದು ಮ್ಯಾನೇಜರ್‌ ಹತ್ತಿರ ಕೇಳಿಕೊಂಡರು. ಅವರೂ ಒಳ್ಳೆಯವರು, ಒಪ್ಪಿದರು. ಆ ಕುರ್ಚಿ ಉಳಿಯಿತೆಂದು ಅಕ್ಕ ಎಲ್ಲರಿಗೂ ಟೀ ಕುಡಿಸಿದರು. ಆಮೇಲೆ ಅವರ ಬೆರಳುಗಳು ದಾರಿ ಹಿಡಿಯುತ್ತಿದ್ದವು, ನಾನು ಪಕ್ಕದಲ್ಲಿ ಕೂತು ಅಂಕಿ ಓದಿ ಹೇಳುತ್ತಿದ್ದೆ. ನನಗಂತೂ ಹೀಗೇ ನಡೆಯಲಿ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಫಲಕ ತೊಳೆಯುವವರು ಇಳಿದಿದ್ದ ಸಾಲನ್ನು ಅಕ್ಕ ಬಂದ್ ಮಾಡಿದ್ದರು. ಪಕ್ಕದ ಸಾಲು ನೋಡಲು ಎಂದಿನಂತೆ ಎಸ್ಕೇಪ್ ಒತ್ತಿ ಮುಂದೆ ಹೋದರು. ನೆಟ್‌ವರ್ಕ್ ತಡವರಿಸುತ್ತಿತ್ತು, ಆ ಎಸ್ಕೇಪ್ ಆ ಕಡೆ ತಲುಪಿರಲೇ ಇಲ್ಲ. ಕೆಳತುದಿಯ ಪದ ಬದಲಾಗಿಲ್ಲವೆಂದು ಅಕ್ಕನಿಗೆ ಕಾಣಲಿಲ್ಲ. ಜನ ನಿಂತಿದ್ದ ಸಾಲಿನ ಸೆಟ್ಟಿಂಗ್‌ನೊಳಗೇ ಅಕ್ಷರಗಳು ಬೀಳುತ್ತಿದ್ದವು. ಎಂಟರ್ ಬಿದ್ದರೆ ಜನರಿರುವಾಗಲೇ ಆ ಸಾಲು ಮತ್ತೆ ಚಾಲೂ ಆಗಬಹುದಿತ್ತು. ಒತ್ತುವಷ್ಟರಲ್ಲಿ ನಾನು ಅವರ ಕೈ ಹಿಡಿದೆ.

ಅಕ್ಕ ಕೀಬೋರ್ಡಿನಿಂದ ಕೈ ತೆಗೆದರು.

"ಯಾವ ಮೋಡ್‌ನಾಗೆ ಇತ್ತು? ದಿಟ ಹೇಳು."

"ಬದಲಾಯ್ಸೋದ್ರಲ್ಲಿ ಅಕ್ಕಾ."

ಬೈದುಕೊಳ್ಳಲಿಲ್ಲ, ಅಳಲಿಲ್ಲ. ಸಾಲು ಬಂದ್ ಆಗಿಯೇ ಇದೆಯಾ ಎಂದು ನನ್ನಿಂದ ಓದಿಸಿ ಖಾತ್ರಿ ಮಾಡಿಕೊಂಡರು. ಆಮೇಲೆ ಎದ್ದು ಕುರ್ಚಿಯನ್ನು ನನ್ನ ಕಡೆ ತಳ್ಳಿದರು.

"ಬೆರಳಿಗೆ ದಾರಿ ಗೊತ್ತೈತೆ ಕಣ್ಲಾ. ಎಲ್ಲಿ ನಿಂತಿವ್ನಿ ಅಂತ ಗೊತ್ತಾಗ್ತಿಲ್ಲ. ಇನ್ನ ನಾನಿಲ್ಲಿ ಕೂರಬಾರ್ದು, ಬುಡು."

ಮ್ಯಾನೇಜರ್ ತಡೆದರು, ನಾನೂ ಬೇಡಿಕೊಂಡೆ. ಕೇಳಲಿಲ್ಲ. ಅಷ್ಟು ಕಾಡಿ ಬೇಡಿ ಉಳಿಸಿಕೊಂಡಿದ್ದ ಜಾಗವನ್ನು ತಾವೇ ಬಿಟ್ಟು ಊರಿಗೆ ಹೋದರು. ನನಗೆ ಸಂಕಟವಾಯಿತು, ಸ್ವಲ್ಪ ಸಿಟ್ಟೂ ಬಂತು.

ಊರಿಗೆ ಹೋದರೂ ದಿನಾ ಬೆಳಿಗ್ಗೆ ನಾನು ಫೋನ್ ಮಾಡಲೇಬೇಕಿತ್ತು. ಆರೋಗ್ಯದ ಮಾತು ಆಮೇಲೆ. ಮೊದಲು ಬಿಸಿಲಿಗೆ ಸಾಲುಗಳೆಲ್ಲ ಎದ್ದವಾ, ಕರೆಂಟ್ ಕೊಡುತ್ತಿವೆಯಾ ಎಂದು ಕೇಳುತ್ತಿದ್ದರು. ಎದ್ದವು ಅಂದರೆ ಒಂದು ನಿಟ್ಟುಸಿರು... ಹೋದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು.

ಈಗ ಕಪ್ಪು ಪರದೆಯೂ ಇಲ್ಲ. ಇವತ್ತು ಬಿಸಿಲು ಚೆನ್ನಾಗಿತ್ತು, ಸಾಲುಗಳೆಲ್ಲ ಒಂದೂ ತಪ್ಪದೆ ಎದ್ದವು. ಫೋನ್ ಕೈಗೆತ್ತಿಕೊಂಡ ಮೇಲೆ ನೆನಪಾಯಿತು, ಹೇಳುವುದಕ್ಕೆ ಯಾರೂ ಇಲ್ಲ.