ಪಟ್ಟಿ ಭಾವನ ಬದಲಿ ಎಸೆತಗಾರ

ನನ್ನ ಅಕ್ಕನ ಗಂಡ ನಮ್ಮ ಬಸ್ ಡಿಪೋದಲ್ಲಿ ಗುಮಾಸ್ತ. ಯಾರು ಯಾವ ಬಸ್ಸು ಹತ್ತಬೇಕು, ಯಾರಿಗೆ ಯಾವತ್ತು ರಜೆ ಎಂದು ದಿನಾ ಪಟ್ಟಿ ಬರೆದು ಗೋಡೆಗೆ ಅಂಟಿಸುವುದು ಅವರ ಕೆಲಸ. ಹಾಗಾಗಿ ಡಿಪೋದವರ ಬಾಯಲ್ಲಿ ಅವರು ಪಟ್ಟಿ ಭಾವ. ನಿಜವಾದ ಭಾವ ನನಗೊಬ್ಬನಿಗೇ, ಅದರ ಕಷ್ಟವೂ ನನಗೊಬ್ಬನಿಗೇ. ಹೆಂಡತಿಯ ತಮ್ಮನಿಗೆ ಸಲೀಸು ಮಾಡಿಕೊಟ್ಟರು ಅಂತ ಜನ ಆಡಿಕೊಳ್ಳಬಾರದಲ್ಲ! ಯಾರೂ ಒಲ್ಲದ ಬದಲಿ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದ್ದರು.

ಬದಲಿ ಚಾಲಕನೆಂದರೆ ಕಾಯುವವನು. ಬೆಳಿಗ್ಗೆ ಐದಕ್ಕೆ ಸಮವಸ್ತ್ರ ತೊಟ್ಟು ಫೋನಿನ ಪಕ್ಕದ ಬೆಂಚಿನಲ್ಲಿ ಕೂರಬೇಕು. ಯಾವ ಚಾಲಕ ಕೈಕೊಟ್ಟರೂ ಎರಡು ನಿಮಿಷದಲ್ಲಿ ಬಸ್ಸು ಹೊರಡಬೇಕು. ಅದಕ್ಕೇ ಬದಲಿಯವರು ಬೂಟು ಬಿಚ್ಚುವಂತಿಲ್ಲ ಎಂಬುದು ನಮ್ಮ ಡಿಪೋದ ಹಳೇ ಕಟ್ಟಳೆ. ಫೋನು ಗಣಗಣ ಎಂದರೆ ಎದೆ ಧಸಕ್ ಎನ್ನುತ್ತದೆ. ಅರ್ಧ ಏಳುತ್ತೇನೆ, ಯಾರೋ ಟಯರಿನ ವಿಚಾರ ಕೇಳಿರುತ್ತಾರೆ, ಮತ್ತೆ ಕೂರುತ್ತೇನೆ. ಸಂಜೆ ಐದರ ತನಕ ಇದೇ ಪಾಡು. ಬಸ್ಸು ಸಿಗದ ದಿನ ಭಾವ ನನ್ನ ಹೆಸರಿನ ಮುಂದೆ ‘ವಿಶ್ರಾಂತಿ’ ಎಂದು ಬರೆಯುತ್ತಾರೆ. ಅದನ್ನು ಓದಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಸಲ ಹಾಗೆ ಎಂಟು ದಿನ ಆಗಿತ್ತು. ಮಲಗಿದರೂ ಕಿವಿ ಫೋನಿನ ಕಡೆಗೇ ಇರುತ್ತಿತ್ತು. ಅದರ ಮೇಲೆ, ಬೆಟ್ಟದ ದಾರಿಯ ಚಾಲಕನಿಗೆ ಜ್ವರ ಎಂಬ ಸುದ್ದಿ ಬಂತು. ಅದು ಆರು ಗಂಟೆಯ ದಾರಿ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

“ಭಾವ, ಒಂದೇ ಒಂದು ದಿನ ರಜೆ ಕೊಡಿ. ಬೆಟ್ಟದ ಬಸ್ಸು ನನ್ನ ತಲೆಗೆ ಬಂದ್ರೆ ಕೈಲಾಗಲ್ಲ,” ಎಂದೆ.

“ಎಂಟು ದಿನದಿಂದ ಬೆಂಚು ಬಿಸಿ ಮಾಡಿದ್ದೀಯ. ಸುಸ್ತು ಎಲ್ಲಿಂದ ಬಂತೋ?” ಎಂದರು ಭಾವ, ತಲೆ ಕೂಡ ಎತ್ತದೆ.

ಭಾವನಿಗೆ ಇರುವುದು ಒಂದೇ ಚಟ, ಕಂಪ್ಯೂಟರಿನ ಬೇಸ್‌ಬಾಲ್. ಜನ್ಮದಲ್ಲಿ ಆ ಮೈದಾನ ತುಳಿದವರಲ್ಲ. ಆಟದಲ್ಲೂ ಇವರು ಚೆಂಡು ಎಸೆಯುವುದಿಲ್ಲ, ಬ್ಯಾಟು ಬೀಸುವುದಿಲ್ಲ. ಯಾರನ್ನು ಯಾವಾಗ ಇಳಿಸಬೇಕು ಎಂಬ ಯಜಮಾನಿಕೆ ಮಾತ್ರ ಇವರದು. ಮೊದಲ ಎಸೆತಗಾರ ಬಳಲಿದಾಗ ಬರುವ ಬದಲಿ ಎಸೆತಗಾರರನ್ನಂತೂ ಮಕ್ಕಳ ಹಾಗೆ ಸಾಕುತ್ತಿದ್ದರು. ಒಬ್ಬೊಬ್ಬನ ಹೆಸರಿನ ಪಕ್ಕ ಉಳಿದ ಕಸುವು ತೋರಿಸುವ ಒಂದು ಹಸಿರು ಗೆರೆ. ಎಸೆದ ಒಂದೊಂದು ಚೆಂಡಿಗೂ ಅದು ಸವೆಯುತ್ತದೆ. ಒಂದು ದಿನ ಕೂರಿಸಿದರೆ ಸ್ವಲ್ಪ ತುಂಬುತ್ತದೆ, ಬೆನ್ನುಬೆನ್ನಿಗೆ ಎರಡು ದಿನ ಇಳಿಸಿದರೆ ತಳ ಕಾಣುತ್ತದೆ. ನಾನಿರುವುದೂ ಅವರ ಮನೆಯಲ್ಲೇ. ಇದನ್ನೆಲ್ಲ ಊಟದ ಹೊತ್ತಿನಲ್ಲಿ ನನಗೂ ಅಕ್ಕನಿಗೂ ತಲೆ ಚಿಟ್ಟು ಹಿಡಿಯುವಷ್ಟು ಹೇಳಿದ್ದರು.

ಅದೇ ಸಂಜೆ ಅವರ ಪಂದ್ಯಾವಳಿಯ ಕೊನೆಯ ಆಟವಿತ್ತು. ಅದಕ್ಕೆಂದೇ ಎಡಗೈಯ ಬದಲಿಯೊಬ್ಬನನ್ನು ಸತತ ಐದು ಆಟ ಒಂದು ಚೆಂಡೂ ಎಸೆಯಗೊಡದೆ ಕಾದಿಟ್ಟಿದ್ದರು. ಬೇಕಾದೀತೆಂದು ಪ್ರತಿ ಆಟದಲ್ಲೂ ಅವನನ್ನು ಮೈದಾನದ ಮೂಲೆಯಲ್ಲಿ ಅಭ್ಯಾಸದ ಚೆಂಡೆಸೆದು ತೋಳು ಬಿಸಿ ಮಾಡಿಕೊಳ್ಳಲು ಎಬ್ಬಿಸುವುದು, ಬೇಡವೆಂದು ಕೂರಿಸುವುದು. ಎಸೆಯದವನ ಗೆರೆ ಏನು ನೋಡುವುದೆಂದು ನೋಡಿಯೂ ಇರಲಿಲ್ಲ. ಕೊನೆಗೂ ಇಳಿಸಿದರೆ ಅವನ ಚೆಂಡು ಒಂದು ಅತ್ತ, ಒಂದು ಇತ್ತ. ಗೆಲ್ಲುವ ಆಟ ಕೈತಪ್ಪಿತು.

“ಮೋಸ! ಶುದ್ಧ ಮೋಸ!” ಎಂದು ಕೂಗಾಡಿ ಭಾವ ಆಟದ ನಿಯಮ ತೆರೆದು ಕೂತರು. ಸ್ವಲ್ಪ ಹೊತ್ತಿಗೆ ಅವರ ದನಿ ಇಳಿಯಿತು. “ಬರೀ ತೋಳು ಬಿಸಿ ಮಾಡ್ಕೊಂಡ್ರೂ ಸುಸ್ತು ಏರುತ್ತಂತೆ ಕಣೋ. ಎದ್ದು ಕೂತು, ಎದ್ದು ಕೂತು, ಎಸೆಯೋಕೆ ಮುಂಚೇನೇ ಖಾಲಿಯಾಗಿದ್ದಾನೆ. ಮೊದಲು ಕೆಡೋದು ಗುರಿಯಂತೆ, ವೇಗ ಆಮೇಲಂತೆ. ಪಾಪ!”

ಆ ಪಾಪ ಎಂಬ ಮಾತು ಕೇಳಿ ನನಗೆ ಅಳು ಬಂತು, ಸಿಟ್ಟೂ ಬಂತು. ನಾನು ಬಾಯಿ ಬಿಡುವ ಮೊದಲೇ ಅಕ್ಕ ಸೌಟು ಕುಕ್ಕಿದಳು. “ಪಾಪ ಅನ್ನೋಕೆ ಕಂಪ್ಯೂಟರಲ್ಲಿರೋರೇ ಬೇಕಾ ನಿಮಗೆ? ನನ್ನ ತಮ್ಮ ಕಣ್ಣಿಗೆ ಕಾಣಲ್ವಾ?”

“ಆಟ ಬೇರೆ, ಡಿಪೋ ಬೇರೆ,” ಎಂದು ಭಾವ ಕಂಪ್ಯೂಟರ್ ಆರಿಸಿ ಎದ್ದರು.

ಮರುದಿನ ಬೆಳಿಗ್ಗೆ ಫೋನು ಬಂದೇ ಬಂತು. ಬೆಟ್ಟದ ಬಸ್ಸು, ನಲವತ್ತು ಜನ. ಕೈಲಾಗಲ್ಲ ಎಂದು ಇನ್ನೊಮ್ಮೆ ಹೇಳಲು ಸ್ವಾಭಿಮಾನ ಅಡ್ಡ ಬಂತು, ಹತ್ತಿ ಕೂತೆ. ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬಕ್ಕೆ ಬಸ್ಸು ಕರಕರ ಎಂದು ಉಜ್ಜಿತು. ಹನ್ನೊಂದು ವರ್ಷದಿಂದ ದಾಟುತ್ತಿದ್ದ ಕಂಬ ಅದು. ತಪ್ಪಿದ್ದು ಒಂದು ಗೇಣು. ಬೆಟ್ಟದ ಮೇಲೆ ಆ ಗೇಣು ಎಲ್ಲಿ ಸಿಗುತ್ತದೆ?

ಕಿಟಕಿಯಿಂದ ನೋಡುತ್ತಿದ್ದ ಭಾವ ಬರಿಗಾಲಲ್ಲಿ ಓಡಿ ಬಂದು ಬಸ್ಸಿನ ಮುಂದೆ ನಿಂತರು.

“ಇಳಿಯೋ,” ಎಂದರು. ಆಮೇಲೆ ಬಸ್ಸು ಹತ್ತಿ ಜನರಿಗೆ ಹೇಳಿದರು. “ಈ ಬಸ್ಸು ಹೋಗಲ್ಲ. ಚಾಲಕನದ್ದೇನೂ ತಪ್ಪಿಲ್ಲ. ಪಟ್ಟಿ ಬರೆದೋನು ನಾನು.”

ಇಪ್ಪತ್ತು ವರ್ಷದಲ್ಲಿ ಭಾವ ಒಂದು ಬಸ್ಸನ್ನೂ ನಿಲ್ಲಿಸಿದವರಲ್ಲ. ಜನ ಬಾಯಿಗೆ ಬಂದ ಹಾಗೆ ಬೈದರು, ತಲೆ ತಗ್ಗಿಸಿ ಕೇಳಿಸಿಕೊಂಡರು. ಒಳಗೆ ಬಂದು ನನ್ನ ಹೆಸರಿನ ಮುಂದಿದ್ದ ಎಂಟು ‘ವಿಶ್ರಾಂತಿ’ಗಳನ್ನೂ ಒಂದೊಂದಾಗಿ ಹೊಡೆದು ಹಾಕಿ, ಎಂಟೂ ಕಡೆ ‘ಕೆಲಸ’ ಎಂದು ಬರೆದರು. ಡಿಪೋದ ದೊಡ್ಡ ಸಾಹೇಬರ ಕೋಣೆಯಿಂದ ಅವರಿಗೆ ಆಗಲೇ ಕರೆ ಬಂದಿತ್ತು.

“ಬೂಟು ಬಿಚ್ಚೋ,” ಎಂದರು ಭಾವ.

ಬಗ್ಗಿದೆ. ದಾರದ ಗಂಟು ಎರಡು ಸಲ ಕೈತಪ್ಪಿತು. ನನಗಿಂತ ಹದಿನೈದು ವರ್ಷ ದೊಡ್ಡವರು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ತಾವೇ ಬಿಚ್ಚತೊಡಗಿದರು. ಮೇಜಿನ ಮೇಲೆ ಫೋನು ಗಣಗಣ ಎಂದಿತು. ನಾನು ಎಂದಿನ ಹಾಗೆ ಅರ್ಧ ಎದ್ದೆ. ಭಾವ ನನ್ನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡರು.